ಎರಡು ಜೀವಗಳ ಲೆಕ್ಕ: ಅವಳಿ ಗರ್ಭದ ಬೆಳವಣಿಗೆಯನ್ನು ಅಳೆದ ಚರಿತ್ರೆ

1960ರ ದಶಕದ ಕೊನೆಯಲ್ಲಿ, ನಾನು ಏಳೆಂಟು ವರ್ಷದ ಹುಡುಗನಾಗಿದ್ದಾಗ, ನನ್ನ ಸೋದರತ್ತೆಯವರು ಹೆರಿಗೆಗೆಂದು ತವರಿಗೆ ಬಂದಿದ್ದರು. ಹೆರಿಗೆ ಮನೆಯಲ್ಲಿಯೇ ಆಯಿತು. ಮಗು ಹುಟ್ಟಿತೆಂದು ಹಿರಿಯರು ಸಕ್ಕರೆ ಹಂಚಲು ಸಿದ್ಧರಾಗುತ್ತಿದ್ದಂತೆಯೇ ಒಳಕೋಣೆಯಿಂದ ಸೂಲಗಿತ್ತಿಯ ಧ್ವನಿ ಕೇಳಿಬಂತು: "ಇನ್ನೊಂದು ಕೂಸು ಇದೆ!" ಅರ್ಧ ಗಂಟೆಯ ನಂತರ ಹುಟ್ಟಿದ ಆ ಎರಡನೆಯ ಕೂಸು ಮೊದಲನೆಯದರ ಅರ್ಧದಷ್ಟೂ ಇರಲಿಲ್ಲ. ಹತ್ತಿಯಲ್ಲಿ ಸುತ್ತಿ, ಪಕ್ಕದಲ್ಲಿ ಕೆಂಡದ ಬಾಣಲೆ ಇರಿಸಿ, ಅಜ್ಜಿಯವರು ಒಂಬತ್ತು ದಿನ ಅದನ್ನು ಕಾದರು. ಹತ್ತನೆಯ ದಿನ ಅದು ಉಳಿಯಲಿಲ್ಲ. ಹೊಟ್ಟೆಯಲ್ಲಿ ಇಬ್ಬರಿದ್ದರೆಂಬುದೇ ಯಾರಿಗೂ ತಿಳಿದಿರಲಿಲ್ಲ. ಒಬ್ಬರು ಸೊರಗುತ್ತಿದ್ದರೆಂಬುದು ತಿಳಿಯುವ ಮಾತೆಲ್ಲಿಯದು?

ಕಳೆದ ವರ್ಷ ನನ್ನ ತಮ್ಮನ ಸೊಸೆ ಅವಳಿ ಮಕ್ಕಳ ಗರ್ಭಿಣಿಯಾಗಿದ್ದಾಗ ಅವಳ ಆಸ್ಪತ್ರೆಯ ಕಡತವನ್ನು ನಾನು ನೋಡಿದೆ. ಅದರಲ್ಲಿ ಸ್ಕ್ಯಾನಿಂಗಿನ ಹನ್ನೊಂದು ವರದಿಗಳಿದ್ದವು. ಪ್ರತಿಯೊಂದರಲ್ಲಿಯೂ 'ಎ' ಮತ್ತು 'ಬಿ' ಎಂಬ ಎರಡು ಕಲಮುಗಳು. ತಲೆಯ ಅಗಲ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ, ಅಂದಾಜು ತೂಕ, ಕೊನೆಯ ಸಾಲಿನಲ್ಲಿ ಇಬ್ಬರ ತೂಕದ ವ್ಯತ್ಯಾಸ ಶೇಕಡಾವಾರು. ನಲವತ್ತು ವರ್ಷ ಖಾತೆ ಪುಸ್ತಕಗಳ ನಡುವೆ ಕಳೆದ ನನಗೆ ಅದು ಕೂಡಲೇ ಪರಿಚಿತವೆನಿಸಿತು. ಅದು ಎರಡು ಖಾತೆಗಳ ಲೆಡ್ಜರ್ ಆಗಿತ್ತು. ಸೂಲಗಿತ್ತಿಯ ಆ ಕೂಗಿಗೂ ಈ ಕಡತಕ್ಕೂ ನಡುವೆ ಏನು ನಡೆಯಿತು ಎಂಬ ಕುತೂಹಲದಿಂದ ಓದತೊಡಗಿದೆ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಓದಿ ತಿಳಿದುದನ್ನು ನಮ್ಮ ಕುಟುಂಬಗಳ ಮತ್ತು ಬಸದಿಗಳ ಆಡಳಿತ ಮಂಡಳಿಗಳ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಲೆಕ್ಕವು ಉಪಯೋಗಕ್ಕೆ ಬರುವ ವಿದ್ಯೆಗಳನ್ನು ಹೆಸರಿಸುತ್ತಾ ವೈದ್ಯವನ್ನೂ ಸೇರಿಸಿದ್ದಾರೆ. ಕಾಣದ ಜೀವವೊಂದರ ಹಿತವನ್ನು ಲೆಕ್ಕವು ಹೇಗೆ ಕಾಯಬಲ್ಲದು ಎಂಬುದಕ್ಕೆ ಮುಂದೆ ಹೇಳುವ ಚರಿತ್ರೆಗಿಂತ ಉತ್ತಮ ನಿದರ್ಶನ ನನಗೆ ದೊರೆತಿಲ್ಲ.

ಕಿವಿ, ಕೈ ಮತ್ತು ಕ್ಷಕಿರಣ

ಅಲ್ಟ್ರಾಸೌಂಡ್ ಬರುವುದಕ್ಕೆ ಮೊದಲು ವೈದ್ಯರ ಬಳಿ ಇದ್ದ ಸಾಧನಗಳು ಕೈ ಮತ್ತು ಕಿವಿ. ಹೊಟ್ಟೆಯ ಎತ್ತರವು ತಿಂಗಳಿಗೆ ಮೀರಿ ಬೆಳೆದಿದ್ದರೆ, ಕೈಗೆ ಎರಡು ತಲೆಗಳು ತಗುಲಿದಂತಾದರೆ, ಅವಳಿಯ ಶಂಕೆ ಮೂಡುತ್ತಿತ್ತು. 1895ರಲ್ಲಿ ಪ್ಯಾರಿಸಿನ ಅಡಾಲ್ಫ್ ಪಿನಾರ್ ಎಂಬ ಪ್ರಸೂತಿ ತಜ್ಞರು ರೂಪಿಸಿದ ಕಹಳೆಯಾಕಾರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತ ಕೇಳುತ್ತಿದ್ದರು. ಇಬ್ಬರು ಏಕಕಾಲದಲ್ಲಿ ಬೇರೆ ಬೇರೆ ಜಾಗದಲ್ಲಿ ಕಿವಿಗೊಟ್ಟು ಎಣಿಸಿ, ಎರಡು ಎಣಿಕೆಗಳು ಹೊಂದದಿದ್ದರೆ ಅವಳಿಯೆಂದು ತೀರ್ಮಾನಿಸುವ ಪದ್ಧತಿಯೂ ಇತ್ತು. ಕುಶಲರ ಕೈಗೂ ಇದು ಎಷ್ಟೋ ವೇಳೆ ತಪ್ಪುತ್ತಿತ್ತು.

1895ರಲ್ಲಿಯೇ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣವು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪ್ರಸೂತಿ ವೈದ್ಯಕ್ಕೂ ಕಾಲಿಟ್ಟಿತು. ಎರಡು ಬೆನ್ನುಮೂಳೆಗಳು, ಎರಡು ತಲೆಬುರುಡೆಗಳು ಫಿಲ್ಮಿನಲ್ಲಿ ನಿಚ್ಚಳವಾಗಿ ಕಾಣುತ್ತಿದ್ದವು. ಆದರೆ 1956ರಲ್ಲಿ ಆಕ್ಸ್‌ಫರ್ಡಿನ ವೈದ್ಯೆ ಆಲಿಸ್ ಸ್ಟುವರ್ಟ್ ಮತ್ತು ಅವರ ಸಹೋದ್ಯೋಗಿಗಳು, ಗರ್ಭದಲ್ಲಿದ್ದಾಗ ಕ್ಷಕಿರಣಕ್ಕೆ ಒಳಗಾದ ಮಕ್ಕಳಲ್ಲಿ ಬಾಲ್ಯದ ಕ್ಯಾನ್ಸರ್ ಹೆಚ್ಚೆಂದು ಎಚ್ಚರಿಸಿದರು. 1958ರಲ್ಲಿ ಪೂರ್ಣ ವರದಿ ಪ್ರಕಟವಾಯಿತು. ಆರಂಭದಲ್ಲಿ ಹಲವರು ಒಪ್ಪದಿದ್ದರೂ ಕ್ರಮೇಣ ಗರ್ಭಿಣಿಗೆ ಕ್ಷಕಿರಣವನ್ನು ಅನಿವಾರ್ಯವಲ್ಲದೆ ಕೊಡಬಾರದೆಂಬ ಅಭಿಪ್ರಾಯ ನೆಲೆಗೊಂಡಿತು. ಅದಲ್ಲದೆ, ಕ್ಷಕಿರಣವು ಇಬ್ಬರಿದ್ದಾರೆಂದು ಒಮ್ಮೆ ಹೇಳಬಲ್ಲದೇ ಹೊರತು ವಾರವಾರವೂ ತೆಗೆದು ಬೆಳವಣಿಗೆಯನ್ನು ನೋಡುವ ಸಾಧನವಾಗಿರಲಿಲ್ಲ. ಅಪಾಯವಿಲ್ಲದೆ ಮತ್ತೆ ಮತ್ತೆ ಬಳಸಬಹುದಾದ ಒಂದು ಸಾಧನ ಬೇಕಾಗಿತ್ತು.

ಗ್ಲಾಸ್ಗೋ ನಗರದ ಕಥೆ

ಅದು ದೊರೆತದ್ದು ಕಬ್ಬಿಣದ ಕಾರ್ಖಾನೆಯಲ್ಲಿ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ಅಂದು ಹಡಗುಗಳು ಮತ್ತು ಬಾಯ್ಲರುಗಳನ್ನು ಕಟ್ಟುವ ನಗರ. ಲೋಹದ ಬೆಸುಗೆಯೊಳಗೆ ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ನೋಡಲು ಅಲ್ಲಿನ ಕಾರ್ಖಾನೆಗಳಲ್ಲಿ ಒಂದು ಉಪಕರಣ ಬಳಸುತ್ತಿದ್ದರು. ಅದು ಮನುಷ್ಯನ ಕಿವಿಗೆ ಕೇಳದಷ್ಟು ಹೆಚ್ಚು ಕಂಪನದ ಧ್ವನಿಯನ್ನು ಲೋಹದೊಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ದೋಷದ ಜಾಗವನ್ನು ಗುರುತಿಸುತ್ತಿತ್ತು.

1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಇಯಾನ್ ಡೊನಾಲ್ಡ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳದ ವೈದ್ಯರಾಗಿದ್ದವರು. ರೇಡಾರ್ ಮತ್ತು ಸೋನಾರ್‌ಗಳ ಪರಿಚಯ ಅವರಿಗೆ ಅಲ್ಲಿಯೇ ಆಗಿತ್ತು. 1955ರ ಜುಲೈ ತಿಂಗಳಲ್ಲಿ ಅವರು ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಹತ್ತಿರದ ರೆನ್‌ಫ್ರೂ ಪಟ್ಟಣದ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಎಂಬ ಬಾಯ್ಲರ್ ಕಾರ್ಖಾನೆಗೆ ಹೋದರು. ಲೋಹ ಪರೀಕ್ಷಿಸುವ ಉಪಕರಣದಿಂದ ಅವುಗಳನ್ನು ನೋಡಿದಾಗ ನೀರು ತುಂಬಿದ ಗೆಡ್ಡೆಗೂ ಗಟ್ಟಿ ಗೆಡ್ಡೆಗೂ ಪ್ರತಿಧ್ವನಿ ಬೇರೆ ಬೇರೆಯಾಗಿತ್ತು. ಈ ಸುದ್ದಿ ಕೇಳಿ ತಾನಾಗಿ ದೂರವಾಣಿ ಮಾಡಿದವರು ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ಟಾಮ್ ಬ್ರೌನ್ ಎಂಬ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಇಂಜಿನಿಯರ್. ರೋಗಿಯ ಹಾಸಿಗೆಯ ಮೇಲೆ ಸರಿಸುವ ಊಟದ ಮೇಜನ್ನು ಚೌಕಟ್ಟಾಗಿ ಬಳಸಿ ಅವರು ಚಿತ್ರ ಮೂಡಿಸುವ ಯಂತ್ರವನ್ನು ಕಟ್ಟಿದರು. 1958ರ ಜೂನ್ 7ರಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಡೊನಾಲ್ಡ್, ಸಹಾಯಕ ವೈದ್ಯ ಜಾನ್ ಮ್ಯಾಕ್‌ವಿಕಾರ್ ಮತ್ತು ಬ್ರೌನ್ ಬರೆದ ಲೇಖನ ಅಚ್ಚಾಯಿತು. ಗರ್ಭದೊಳಗಿನ ಶಿಶುವಿನ ಪ್ರತಿಧ್ವನಿ ಚಿತ್ರಗಳೂ ಅದರಲ್ಲಿದ್ದವು.

ತುಂಬಿದ ಮೂತ್ರಕೋಶವು ಕರುಳನ್ನು ಪಕ್ಕಕ್ಕೆ ಸರಿಸಿ ಗರ್ಭಕೋಶಕ್ಕೆ ಕಿಟಕಿಯಾಗುತ್ತದೆ ಎಂಬುದನ್ನು 1963ರ ಸುಮಾರಿಗೆ ಡೊನಾಲ್ಡ್ ಗಮನಿಸಿದರು. ಆರಂಭದ ತಿಂಗಳುಗಳ ಸ್ಕ್ಯಾನಿಂಗಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ನೀರು ಕುಡಿದು ಬರಲು ಹೇಳುತ್ತಿದ್ದುದರ ಮೂಲ ಇದು. ಅಂದಿನಿಂದ ಎಳೆಯ ಗರ್ಭದಲ್ಲಿಯೇ ಒಂದು ಚೀಲವೋ ಎರಡೋ ಎಂದು ಎಣಿಸುವುದು ಸಾಧ್ಯವಾಯಿತು.

ಒಂದು ದಿನದ ಶಿಲ್ಕು, ವರ್ಷದ ಲೆಕ್ಕ

ಕಾಣುವುದು ಬೇರೆ, ಅಳೆಯುವುದು ಬೇರೆ. ಗ್ಲಾಸ್ಗೋದಲ್ಲಿಯೇ ಜೇಮ್ಸ್ ವಿಲಕ್ಸ್ ಎಂಬ ವೈದ್ಯರು 1960ರ ದಶಕದ ಆರಂಭದಲ್ಲಿ ಶಿಶುವಿನ ತಲೆಯನ್ನು ಅಳೆಯತೊಡಗಿದರು. ತತ್ತ್ವ ಸರಳವಾದುದು. ದೇಹದ ಮೃದು ಭಾಗಗಳಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಚಲಿಸುತ್ತದೆ. ತಲೆಬುರುಡೆಯ ಸಮೀಪದ ಗೋಡೆಯಿಂದ ಒಂದು ಪ್ರತಿಧ್ವನಿ, ದೂರದ ಗೋಡೆಯಿಂದ ಇನ್ನೊಂದು. ಇವೆರಡರ ನಡುವಿನ ಕಾಲ ತಿಳಿದರೆ ತಲೆಯ ಅಗಲ ತಿಳಿಯಿತು. 9 ಸೆಂಟಿಮೀಟರ್ ಅಗಲದ ತಲೆಗೆ ಆ ಕಾಲವು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಇದನ್ನು ಶಾಸ್ತ್ರಶುದ್ಧವಾಗಿಸಿದವರು ಸ್ಟುವರ್ಟ್ ಕ್ಯಾಂಬೆಲ್. ತಲೆಯನ್ನು ಓರೆಯಾಗಿ ಅಳೆದರೆ ಅಂಕಿ ತಪ್ಪುತ್ತದೆ. ಮೆದುಳಿನ ನಡುಗೆರೆಯನ್ನು ಮೊದಲು ಗುರುತಿಸಿ ಅದಕ್ಕೆ ಲಂಬವಾಗಿ ಅಳೆಯುವ ಕ್ರಮವನ್ನು ಅವರು 1968ರಲ್ಲಿ ಪ್ರಕಟಿಸಿದರು. 1971ರಲ್ಲಿ ಅವರೂ ಡ್ಯೂಹರ್ಸ್ಟ್ ಅವರೂ ಸೇರಿ ಬರೆದ ಲೇಖನವು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುವು. ಒಂದೇ ಶಿಶುವನ್ನು ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಅಳೆದರೆ ಬೆಳವಣಿಗೆ ಕುಂಠಿತವಾಗಿರುವುದನ್ನು ಹುಟ್ಟುವ ಮೊದಲೇ ಗುರುತಿಸಬಹುದೆಂದು ಅವರು ತೋರಿಸಿದರು.

ವರ್ತಕರಾದ ನಮಗೆ ಇದರ ಮರ್ಮ ಬೇಗ ಅರ್ಥವಾಗುತ್ತದೆ. ಸಂಜೆ ಗಲ್ಲಾಪೆಟ್ಟಿಗೆಯಲ್ಲಿರುವ ಶಿಲ್ಕನ್ನು ಎಣಿಸಿದ ಮಾತ್ರಕ್ಕೆ ಅಂಗಡಿಯು ಏಳಿಗೆಯಲ್ಲಿದೆಯೋ ಇಳಿಕೆಯಲ್ಲಿದೆಯೋ ಹೇಳಲಾಗದು. ಹೋದ ತಿಂಗಳ, ಅದರ ಹಿಂದಿನ ತಿಂಗಳ ಅಂಕಿಗಳು ಬೇಕು. ಗರ್ಭದ ಒಂದು ಅಳತೆಯು ಶಿಶುವಿನ ಗಾತ್ರವನ್ನು ಹೇಳುತ್ತದೆ. ಎರಡು ಮೂರು ಅಳತೆಗಳಾದ ಮೇಲೆಯೇ ಬೆಳವಣಿಗೆ ತಿಳಿಯುವುದು.

ಮುಂದೆ ಇನ್ನೆರಡು ಕೊರತೆಗಳು ತುಂಬಿದವು. ಗರ್ಭಕ್ಕೆ ಎಷ್ಟು ವಾರವಾಯಿತೆಂದು ಖಚಿತವಿಲ್ಲದಿದ್ದರೆ ಬೆಳವಣಿಗೆಯ ಲೆಕ್ಕಕ್ಕೆ ಆರಂಭದ ಶಿಲ್ಕೇ ಇಲ್ಲದಂತಾಗುತ್ತದೆ. 1973ರಲ್ಲಿ ಹ್ಯೂ ರಾಬಿನ್ಸನ್, ಮೊದಲ ಮೂರು ತಿಂಗಳಲ್ಲಿ ಭ್ರೂಣದ ನೆತ್ತಿಯಿಂದ ಕುಂಡೆಯವರೆಗಿನ ಉದ್ದವನ್ನು ಅಳೆದು ಗರ್ಭದ ವಯಸ್ಸನ್ನು ಕೆಲವೇ ದಿನಗಳ ವ್ಯತ್ಯಾಸದೊಳಗೆ ಹೇಳುವ ಕ್ರಮವನ್ನು ಕೊಟ್ಟರು. ಎರಡನೆಯದು ಹೊಟ್ಟೆಯ ಸುತ್ತಳತೆ. ಪೋಷಣೆ ಕಡಿಮೆಯಾದಾಗ ಶಿಶುವಿನ ದೇಹವು ಇರುವ ರಕ್ತವನ್ನು ಮೊದಲು ಮೆದುಳಿಗೆ ಕಳುಹಿಸುತ್ತದೆ. ಆದುದರಿಂದ ತಲೆ ಬೆಳೆಯುತ್ತಲೇ ಇರುವಾಗ ಯಕೃತ್ತು ಬಡವಾಗಿ ಹೊಟ್ಟೆ ಸೊರಗುತ್ತದೆ. ತಲೆಯನ್ನಷ್ಟೇ ನೋಡುವವನು ಮೋಸಹೋಗುತ್ತಾನೆ. 1975ರಲ್ಲಿ ಕ್ಯಾಂಬೆಲ್ ಮತ್ತು ವಿಲ್ಕಿನ್ ಹೊಟ್ಟೆಯ ಸುತ್ತಳತೆಯಿಂದ ತೂಕವನ್ನು ಅಂದಾಜಿಸುವ ಮಾರ್ಗ ತೋರಿಸಿದರು. 1985ರ ಹೊತ್ತಿಗೆ ಅಮೆರಿಕದ ಹ್ಯೂಸ್ಟನ್ ನಗರದ ಫ್ರಾಂಕ್ ಹ್ಯಾಡ್‌ಲಾಕ್ ಮತ್ತು ಸಂಗಡಿಗರು ತಲೆ, ಹೊಟ್ಟೆ, ತೊಡೆಮೂಳೆ ಮೂರನ್ನೂ ಸೇರಿಸಿದ ಸೂತ್ರಗಳನ್ನು ರಚಿಸಿದರು. ಇಂದಿಗೂ ಜಗತ್ತಿನ ಅನೇಕ ಸ್ಕ್ಯಾನಿಂಗ್ ಯಂತ್ರಗಳಲ್ಲಿ ಆ ಸೂತ್ರಗಳೇ ಇವೆ.

ಅವಳಿಗಳ ವಿಶೇಷ ಪ್ರಶ್ನೆ

ಇಲ್ಲಿಯವರೆಗೆ ಹೇಳಿದುದು ಒಂಟಿ ಶಿಶುವಿಗೂ ಅನ್ವಯಿಸುತ್ತದೆ. ಅವಳಿಗಳಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇಬ್ಬರಿಗೂ ಪೋಷಣೆ ಬರುವುದು ಒಂದೇ ಮಾಸಿನಿಂದಲೋ, ಬೇರೆ ಬೇರೆ ಮಾಸುಗಳಿಂದಲೋ?

ಎರಡು ಅಂಡಗಳಿಂದ ಹುಟ್ಟುವ ಅವಳಿಗಳಿಗೆ ಮಾಸು ಯಾವಾಗಲೂ ಎರಡು ಎಂದೇ ಹೇಳಬಹುದು. ಒಂದೇ ಅಂಡವು ಒಡೆದು ಹುಟ್ಟುವ ಅವಳಿಗಳಲ್ಲಿ ಅದು ಒಡೆದ ದಿನದ ಮೇಲೆ ನಿರ್ಧಾರವಾಗುತ್ತದೆ. ಮೊದಲ ಮೂರು ದಿನಗಳಲ್ಲಿ ಒಡೆದರೆ ಮಾಸು ಎರಡು. ಅನಂತರ ಒಡೆದರೆ ಒಂದೇ ಮಾಸು. ಇಂತಹ ಅವಳಿಗಳಲ್ಲಿ ಹೆಚ್ಚಿನವರು, ಸರಿಸುಮಾರು ಮೂರರಲ್ಲಿ ಎರಡು ಪಾಲು, ಒಂದೇ ಮಾಸನ್ನು ಹಂಚಿಕೊಂಡವರು.

ಮಾಸು ಒಂದಾದಾಗ ಇಬ್ಬರ ರಕ್ತನಾಳಗಳು ಅದರೊಳಗೆ ಕೂಡಿಕೊಂಡಿರುತ್ತವೆ. ಇದನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಜರ್ಮನಿಯ ರಾಸ್ಟಾಕ್ ನಗರದ ಫ್ರೆಡ್ರಿಕ್ ಶಾಟ್ಸ್ ಹೆರಿಗೆಯ ನಂತರದ ಮಾಸುಗಳನ್ನು ಪರೀಕ್ಷಿಸಿ ವಿವರವಾಗಿ ಬರೆದಿಟ್ಟಿದ್ದರು. ಇದರಿಂದ ಎರಡು ಬಗೆಯ ತೊಂದರೆ ಬರುತ್ತದೆ. ಒಂದು, ಒಬ್ಬರ ರಕ್ತ ಇನ್ನೊಬ್ಬರ ಕಡೆಗೆ ಹರಿದುಹೋಗುವುದು. ಕೊಡುವ ಕೂಸಿನ ಸುತ್ತಲಿನ ನೀರು ಬತ್ತುತ್ತದೆ, ಪಡೆಯುವ ಕೂಸಿನ ಸುತ್ತ ನೀರು ಮಿತಿಮೀರುತ್ತದೆ, ಅದರ ಹೃದಯಕ್ಕೆ ಹೊರೆಯಾಗುತ್ತದೆ. ಇನ್ನೊಂದು, ಮಾಸಿನ ಹಂಚಿಕೆಯೇ ಅಸಮವಾಗಿರುವುದು. ಒಬ್ಬರಿಗೆ ದೊಡ್ಡ ಪಾಲು, ಒಬ್ಬರಿಗೆ ಚಿಕ್ಕ ಪಾಲು. ಚಿಕ್ಕ ಪಾಲಿನ ಕೂಸು ದಿನೇ ದಿನೇ ಹಿಂದೆ ಬೀಳುತ್ತದೆ.

ಶಾಟ್ಸ್ ಅವರು ಹೆರಿಗೆಯ ನಂತರ ಕಂಡುದನ್ನು ಹೆರಿಗೆಗೆ ಆರು ತಿಂಗಳು ಮೊದಲೇ ತಿಳಿಯುವಂತೆ ಮಾಡಿದ್ದು ಅಲ್ಟ್ರಾಸೌಂಡ್. ಎರಡು ಮಾಸುಗಳಿದ್ದರೆ ಇಬ್ಬರ ನಡುವಿನ ಪೊರೆಯು ಮಾಸನ್ನು ಸೇರುವ ಜಾಗದಲ್ಲಿ ತ್ರಿಕೋನಾಕಾರದ ಬೆಣೆಯೊಂದು ಕಾಣುತ್ತದೆ. ಗ್ರೀಕ್ ಅಕ್ಷರದ ಹೋಲಿಕೆಯಿಂದ ವೈದ್ಯರು ಅದನ್ನು ಲ್ಯಾಂಬ್ಡಾ ಚಿಹ್ನೆ ಎನ್ನುತ್ತಾರೆ. ಫ್ರಾನ್ಸಿನ ಬೆಸಿಸ್ ಮತ್ತು ಪಾಪಿಯರ್ನಿಕ್ 1981ರಲ್ಲಿ ಇದನ್ನು ವರ್ಣಿಸಿದರು. ಒಂದೇ ಮಾಸಾದರೆ ತೆಳುವಾದ ಪೊರೆಯು ನೇರವಾಗಿ ಬಂದು ಕೂಡುತ್ತದೆ. ಈ ವ್ಯತ್ಯಾಸವು 11ರಿಂದ 14ನೆಯ ವಾರದೊಳಗೆ ಅತ್ಯಂತ ಸ್ಪಷ್ಟ. ತಿಂಗಳುಗಳು ಕಳೆದಂತೆ ಬೆಣೆ ಮಾಸಿಹೋಗಿ ಖಚಿತವಾಗಿ ಹೇಳುವುದು ಕಷ್ಟವಾಗುತ್ತದೆ. ಐದನೆಯ ತಿಂಗಳಲ್ಲಿ ಮೊದಲ ಬಾರಿ ಸ್ಕ್ಯಾನಿಂಗಿಗೆ ಹೋಗುವ ಅವಳಿ ಗರ್ಭಿಣಿಯು ಈ ಮಾಹಿತಿಯನ್ನು ಕಳೆದುಕೊಳ್ಳಬಹುದೆಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಏಕೆಂದರೆ ಮುಂದಿನ ವೇಳಾಪಟ್ಟಿ ಇದನ್ನೇ ಅವಲಂಬಿಸಿದೆ. 2016ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಎರಡು ಮಾಸುಗಳಿರುವ, ಬೇರೆ ತೊಡಕಿಲ್ಲದ ಅವಳಿಗಳನ್ನು ನಾಲ್ಕು ವಾರಕ್ಕೊಮ್ಮೆ ಅಳೆದರೆ ಸಾಕು. ಒಂದೇ ಮಾಸಿನ ಅವಳಿಗಳನ್ನು 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ನೋಡಬೇಕು. ನಮ್ಮ ಸೊಸೆಯ ಕಡತದಲ್ಲಿ ಹನ್ನೊಂದು ವರದಿಗಳಿದ್ದುದರ ಕಾರಣ ನನಗೆ ಆಗ ತಿಳಿಯಿತು.

ವ್ಯತ್ಯಾಸದ ಲೆಕ್ಕ

ಕೊನೆಯ ಸಾಲಿನ ಶೇಕಡಾವಾರು ಅಂಕಿಯ ಲೆಕ್ಕ ಹೀಗಿದೆ. ದೊಡ್ಡ ಕೂಸಿನ ತೂಕದಿಂದ ಚಿಕ್ಕ ಕೂಸಿನ ತೂಕವನ್ನು ಕಳೆಯಬೇಕು. ಬಂದುದನ್ನು ದೊಡ್ಡ ಕೂಸಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಬೇಕು. 'ಎ' 1600 ಗ್ರಾಂ, 'ಬಿ' 1200 ಗ್ರಾಂ ಇದ್ದರೆ ವ್ಯತ್ಯಾಸ 400 ಗ್ರಾಂ, ಅಂದರೆ ಶೇಕಡಾ 25. ಇಬ್ಬರು ಒಡಹುಟ್ಟಿದವರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುವುದು ಸಹಜ. ಎಷ್ಟಾದರೆ ಅಸಹಜ? ವೈದ್ಯರಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. 2011ರಲ್ಲಿ ಪ್ರಕಟವಾದ, ಸುಮಾರು ಒಂದು ಸಾವಿರ ಅವಳಿ ಗರ್ಭಗಳನ್ನು ಅನುಸರಿಸಿದ ಐರ್ಲೆಂಡಿನ ಅಧ್ಯಯನವು ಶೇಕಡಾ 18ರಿಂದಲೇ ತೊಂದರೆ ಹೆಚ್ಚುವುದೆಂದು ಕಂಡಿತು. 2016ರ ಮಾರ್ಗಸೂಚಿಯು, ಚಿಕ್ಕ ಕೂಸು ತನ್ನ ವಯಸ್ಸಿನ ನೂರು ಕೂಸುಗಳಲ್ಲಿ ಅತಿ ಹಗುರವಾದ ಹತ್ತರೊಳಗೆ ಬಿದ್ದು, ಜೊತೆಗೆ ವ್ಯತ್ಯಾಸವೂ ಶೇಕಡಾ 25ನ್ನು ಮೀರಿದಾಗ ಒಬ್ಬರ ಬೆಳವಣಿಗೆ ಕುಂಠಿತವಾಗಿದೆ ಎನ್ನುತ್ತದೆ.

ಇಲ್ಲಿ ಲೆಕ್ಕಿಗನ ಎಚ್ಚರಿಕೆಯೊಂದು ಬೇಕು. ಈ ತೂಕಗಳು ತಕ್ಕಡಿಯಲ್ಲಿ ತೂಗಿದವಲ್ಲ, ಸೂತ್ರದಿಂದ ಅಂದಾಜಿಸಿದವು. ಅಂದಾಜು ನಿಜದಿಂದ ಶೇಕಡಾ 15ರವರೆಗೂ ಆಚೀಚೆ ಹೋಗಬಹುದು. ಎರಡು ಅಂದಾಜುಗಳ ವ್ಯತ್ಯಾಸದಲ್ಲಿ ಎರಡರ ತಪ್ಪೂ ಸೇರುತ್ತದೆ. ಮೇಲಿನ ಕೂಸುಗಳು ನಿಜವಾಗಿ 1500 ಮತ್ತು 1300 ಗ್ರಾಂ ಇದ್ದರೆ ವ್ಯತ್ಯಾಸ ಕೇವಲ ಶೇಕಡಾ 13. ಆದುದರಿಂದ ಒಂದು ವರದಿಯ ಅಂಕಿ ನೋಡಿ ಮನೆಯವರು ಕಂಗೆಡುವುದೂ ಸರಿಯಲ್ಲ, ನೆಮ್ಮದಿಯಿಂದ ಮುಂದಿನ ಭೇಟಿಯನ್ನು ಬಿಡುವುದೂ ಸರಿಯಲ್ಲ. ಮುಂದಿನ ವರದಿಯೊಡನೆ ತಾಳೆ ನೋಡಿದಾಗಲೇ ಅಂಕಿಗೆ ಅರ್ಥ ಬರುತ್ತದೆ.

ಅಳತೆಗೋಲಿನ ಬಗೆಗೂ ವಿವಾದವಿದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಅವಳಿಗಳು ಒಂಟಿ ಶಿಶುಗಳಿಗಿಂತ ನಿಧಾನವಾಗಿ ಬೆಳೆಯುತ್ತವೆ. ಒಂಟಿ ಶಿಶುಗಳ ಕೋಷ್ಟಕದಿಂದ ಅಳೆದರೆ ಎಷ್ಟೋ ಆರೋಗ್ಯವಂತ ಅವಳಿಗಳೂ ಚಿಕ್ಕವೆನಿಸುತ್ತವೆ. 2015ರಲ್ಲಿ ಇಂಗ್ಲೆಂಡಿನ ಸಂಶೋಧಕರು ಅವಳಿಗಳಿಗೇ ಪ್ರತ್ಯೇಕ ಕೋಷ್ಟಕ ಪ್ರಕಟಿಸಿದರು. ಈ ನಿಧಾನವು ಪ್ರಕೃತಿಯ ಹೊಂದಾಣಿಕೆಯೋ, ಪೋಷಣೆಯ ಕೊರತೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಂದೇ ವಸ್ತುವನ್ನು ಯಾವ ನೆಲೆಯಿಂದ ನೋಡುತ್ತೇವೆಂಬುದನ್ನು ಹೇಳದೆ ಅದರ ಬಗ್ಗೆ ನಿರ್ಣಯ ಕೊಡಬಾರದೆಂದು ಕಲಿತ ಪರಂಪರೆಯ ನಮಗೆ ಈ ವಿವಾದ ಅಚ್ಚರಿ ತರಬೇಕಾಗಿಲ್ಲ.

ಗಾತ್ರದ ಜೊತೆಗೆ ರಕ್ತದ ಹರಿವನ್ನೂ ನೋಡುವ ಪದ್ಧತಿ ಸೇರಿಕೊಂಡಿತು. ಚಲಿಸುವ ವಸ್ತುವಿನಿಂದ ಬರುವ ಅಲೆಯ ಕಂಪನ ಬದಲಾಗುವುದೆಂದು ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ನಿಯಮವನ್ನು 1977ರಲ್ಲಿ ಡಬ್ಲಿನ್ನಿನ ಫಿಟ್ಜ್‌ಜೆರಾಲ್ಡ್ ಮತ್ತು ಡ್ರಮ್ ಹೊಕ್ಕುಳಬಳ್ಳಿಯ ರಕ್ತಕ್ಕೆ ಅನ್ವಯಿಸಿದರು. ಹೃದಯದ ಎರಡು ಬಡಿತಗಳ ನಡುವೆ ಬಳ್ಳಿಯಲ್ಲಿ ಹರಿವು ನಿಂತರೆ ಅಥವಾ ಹಿಂದಕ್ಕೆ ತಿರುಗಿದರೆ ಅದು ಗಂಭೀರ ಸೂಚನೆ. 2007ರಲ್ಲಿ ಬಾರ್ಸಿಲೋನಾದ ಗ್ರಾಟಕೋಸ್ ಮತ್ತು ಸಂಗಡಿಗರು ಒಂದೇ ಮಾಸಿನ ಅವಳಿಗಳಲ್ಲಿ ಹಿಂದೆ ಬಿದ್ದ ಕೂಸಿನ ಹರಿವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಯಾವುದನ್ನು ಕಾಯಬಹುದು, ಯಾವುದಕ್ಕೆ ಅವಸರವಿದೆ ಎಂದು ನಿರ್ಧರಿಸಲು ಇದು ನೆರವಾಯಿತು.

ಅಳೆದ ಮೇಲೆ ಏನು?

ಅಳೆಯುವುದರಿಂದ ಮಾತ್ರ ಯಾವ ಕೂಸೂ ಬೆಳೆಯದು. ಚಿಕ್ಕ ಕೂಸಿನ ಮಾಸಿನ ಪಾಲನ್ನು ದೊಡ್ಡದು ಮಾಡುವ ಔಷಧ ಇಂದಿಗೂ ಇಲ್ಲ. ಅಳತೆಯಿಂದ ದೊರೆಯುವುದು ಸಮಯದ ಅರಿವು. ಹೆರಿಗೆಯನ್ನು ಯಾವಾಗ ಮಾಡಿಸಬೇಕು, ಎಲ್ಲಿ ಮಾಡಿಸಬೇಕು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಎಂದು ಹೋಗಬೇಕು ಎಂಬುದು ತಿಳಿಯುತ್ತದೆ. ತಿಂಗಳು ತುಂಬುವ ಮೊದಲು ಹುಟ್ಟುವ ಮಕ್ಕಳ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದನ್ನು 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಲೋಕಕ್ಕೆ ತಿಳಿಸಿದರು. ಆ ಚುಚ್ಚುಮದ್ದು ಫಲಿಸಲು ಒಂದೆರಡು ದಿನ ಬೇಕು. ಆ ದಿನಗಳನ್ನು ಮುಂಚಿತವಾಗಿ ಗಳಿಸಿಕೊಡುವುದು ಅಳತೆಯೇ.

ರಕ್ತವು ಒಬ್ಬರಿಂದ ಒಬ್ಬರಿಗೆ ಹರಿಯುವ ತೊಂದರೆಗೆ ಮಾತ್ರ ನೇರ ಚಿಕಿತ್ಸೆ ಬಂದಿದೆ. ಸೂಕ್ಷ್ಮ ದರ್ಶಕ ನಳಿಗೆಯನ್ನು ಗರ್ಭದೊಳಗೆ ಕಳುಹಿಸಿ ಕೂಡಿಕೊಂಡ ನಾಳಗಳನ್ನು ಲೇಸರ್ ಕಿರಣದಿಂದ ಮುಚ್ಚುವ ವಿಧಾನವನ್ನು ಅಮೆರಿಕದ ಜೂಲಿಯನ್ ಡಿ ಲಿಯಾ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದರು. 2004ರಲ್ಲಿ ಪ್ರಕಟವಾದ ಯೂರೋಪಿನ ಪ್ರಯೋಗದಲ್ಲಿ 142 ತಾಯಂದಿರು ಭಾಗವಹಿಸಿದ್ದರು. ಹೆಚ್ಚಿದ ನೀರನ್ನು ಹೊರತೆಗೆಯುವ ಹಳೆಯ ವಿಧಾನದಲ್ಲಿ ಕನಿಷ್ಠ ಒಂದು ಕೂಸು 28 ದಿನ ಬದುಕಿದ್ದು ಶೇಕಡಾ 56 ಗರ್ಭಗಳಲ್ಲಿ, ಲೇಸರ್ ವಿಧಾನದಲ್ಲಿ ಶೇಕಡಾ 76ರಲ್ಲಿ. ಈಗ ಬೆಂಗಳೂರು, ಚೆನ್ನೈಗಳಲ್ಲಿಯೂ ಈ ಚಿಕಿತ್ಸೆ ನಡೆಯುತ್ತದೆ. ಆದರೆ ಸಕಾಲದಲ್ಲಿ ಗುರುತಿಸಿದವರಿಗೆ ಮಾತ್ರ ಅದರ ಪ್ರಯೋಜನ. ಎರಡು ವಾರದ ಅಂತರವನ್ನು ನಿಗದಿಪಡಿಸಿದ್ದು ಇದೇ ಕಾರಣಕ್ಕೆ.

ಈ ತೀರ್ಮಾನಗಳಲ್ಲಿ ಒಂದು ಕಠಿಣವಾದ ಧರ್ಮಪ್ರಶ್ನೆಯಿದೆ. ಚಿಕ್ಕ ಕೂಸನ್ನು ಉಳಿಸಲು ಬೇಗ ಹೆರಿಗೆ ಮಾಡಿಸಿದರೆ, ಚೆನ್ನಾಗಿ ಬೆಳೆಯುತ್ತಿದ್ದ ದೊಡ್ಡ ಕೂಸೂ ತಿಂಗಳು ತುಂಬದೆ ಹುಟ್ಟುವ ಕಷ್ಟಕ್ಕೆ ಒಳಗಾಗುತ್ತದೆ. ದೊಡ್ಡದರ ಹಿತಕ್ಕೆಂದು ಕಾದರೆ ಚಿಕ್ಕದು ಒಳಗೇ ಅಳಿಯಬಹುದು. ಮಾಸು ಒಂದೇ ಆಗಿದ್ದು ಒಂದು ಕೂಸು ಅಳಿದರೆ, ಬದುಕಿರುವ ಕೂಸಿನ ರಕ್ತವು ಆ ಕಡೆಗೆ ಹಠಾತ್ತನೆ ಹರಿದು ಅದರ ಮೆದುಳಿಗೆ ಹಾನಿಯಾಗಬಹುದು, ಪ್ರಾಣವೂ ಹೋಗಬಹುದು. ಒಬ್ಬರ ಕ್ಷೇಮವನ್ನು ಕಡೆಗಣಿಸಿ ಇನ್ನೊಬ್ಬರನ್ನು ಕಾಯುವುದು ಅಲ್ಲಿ ಸಾಧ್ಯವಿಲ್ಲ. ಇಬ್ಬರಿಗೂ ಅತಿ ಕಡಿಮೆ ಹಿಂಸೆಯಾಗುವ ದಿನ ಯಾವುದೆಂದು ಹುಡುಕಲು ತಾಯಿಗೆ, ತಂದೆಗೆ, ವೈದ್ಯರಿಗೆ ಇರುವ ಆಧಾರ ಆ ಅಂಕಿಗಳ ಸಾಲು ಮಾತ್ರ.

ಅದೇ ಯಂತ್ರ, ಇನ್ನೊಂದು ಬಳಕೆ

ಸೊರಗುವ ಕೂಸನ್ನು ಹುಡುಕಲು ಬಂದ ಯಂತ್ರಕ್ಕೆ ನಮ್ಮ ದೇಶದಲ್ಲಿ ಬೇರೊಂದು ಕೆಲಸವನ್ನೂ ಕಲಿಸಲಾಯಿತು. ಇಯಾನ್ ಡೊನಾಲ್ಡ್ ಬ್ರಿಟನ್ನಿನ 1967ರ ಗರ್ಭಪಾತ ಕಾಯಿದೆಯನ್ನು ಬಹಿರಂಗವಾಗಿ ವಿರೋಧಿಸಿದವರು. 1987ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಭಾರತದ ನಗರಗಳಲ್ಲಿ ಅದೇ ಪರದೆಯ ಮೇಲೆ ಹೆಣ್ಣೋ ಗಂಡೋ ಎಂದು ನೋಡಿ ಹೆಣ್ಣನ್ನು ತೆಗೆಸುವ ದಂಧೆ ನಡೆದಿತ್ತು. 1994ರಲ್ಲಿ ಸಂಸತ್ತು ಲಿಂಗಪತ್ತೆಯನ್ನು ನಿಷೇಧಿಸಿತು. 1996ರ ಜನವರಿ 1ರಿಂದ ಕಾಯಿದೆ ಜಾರಿಗೆ ಬಂದಿತು, 2003ರಲ್ಲಿ ತಿದ್ದುಪಡಿಯಿಂದ ಬಿಗಿಯಾಯಿತು. ಪ್ರತಿ ಸ್ಕ್ಯಾನಿಂಗ್ ಕೇಂದ್ರವೂ ನೋಂದಣಿಯಾಗಬೇಕು, ಗರ್ಭಿಣಿಯ ಪ್ರತಿ ಪರೀಕ್ಷೆಗೂ ನಮೂನೆ 'ಎಫ್' ತುಂಬಿಡಬೇಕು.

ಈ ವಿಷಯದಲ್ಲಿ ನಮ್ಮ ಸಮಾಜವು ಬೇರೆಯವರತ್ತ ಬೆರಳು ತೋರುವಂತಿಲ್ಲ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದ ಸರಾಸರಿ 927 ಹೆಣ್ಣುಮಕ್ಕಳಿದ್ದರು. ಜೈನರಲ್ಲಿ 870 ಮಾತ್ರ. 2011ರಲ್ಲಿ ಅದು 889ಕ್ಕೆ ಏರಿತಾದರೂ ದೇಶದ ಸರಾಸರಿಗಿಂತ ಕೆಳಗೇ ಉಳಿಯಿತು. ಸಾಕ್ಷರತೆಯಲ್ಲಿ ಮೊದಲ ಸ್ಥಾನದಲ್ಲಿರುವ, ಇರುವೆಯನ್ನೂ ತುಳಿಯದೆ ನಡೆಯಬೇಕೆಂದು ಮಕ್ಕಳಿಗೆ ಕಲಿಸುವ ಸಮುದಾಯದ ಅಂಕಿಯಿದು. ಇಡೀ ದೇಶದ ಜೈನರ ಲೆಕ್ಕವೆಂದು ಹೇಳಿ ಕರ್ನಾಟಕದವರಾದ ನಾವು ಜಾರಿಕೊಳ್ಳಬಾರದು. ಖಾತೆಯಲ್ಲಿ ಕಂಡ ನಷ್ಟವನ್ನು ಓದದೆ ಪುಟ ತಿರುವಿದ ವರ್ತಕನು ಉಳಿದ ಉದಾಹರಣೆಯಿಲ್ಲ.

ಔಷಧದಾನದ ಒಂದು ದಾರಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಹಿರಿಯರು ಗೃಹಸ್ಥರಿಗೆ ವಿಧಿಸಿದ್ದಾರೆ. ನಮ್ಮ ಅನೇಕ ಟ್ರಸ್ಟುಗಳು ಔಷಧದಾನವೆಂದು ಆಸ್ಪತ್ರೆಗಳಿಗೆ ಯಂತ್ರಗಳನ್ನು ಕೊಡುತ್ತವೆ, ಫಲಕದ ಮೇಲೆ ದಾನಿಗಳ ಹೆಸರು ಬರುತ್ತದೆ. ಅದು ಸ್ತುತ್ಯವೇ. ಆದರೆ ಈ ಚರಿತ್ರೆಯಿಂದ ನಾನು ಕಲಿತದ್ದು, ಅವಳಿಗಳನ್ನು ಉಳಿಸುವುದು ಯಂತ್ರವೊಂದೇ ಅಲ್ಲವೆಂದು. ಅದರ ಬಳಿಗೆ ತಾಯಿಯು ಸಕಾಲದಲ್ಲಿ ಮತ್ತೆ ಮತ್ತೆ ಬರಬೇಕು. 2016ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಿದೆ. ಒಂದೇ ಮಾಸಿನ ಅವಳಿ ಹೊತ್ತವಳಿಗೆ ಆ ಎರಡು ದಿನಾಂಕಗಳ ನಡುವೆ ಇನ್ನೊಂದು ಭೇಟಿ ಬೇಕು. ದೂರದ ಹಳ್ಳಿಯ ಕೂಲಿಯವಳಿಗೆ ಆ ಭೇಟಿಯೆಂದರೆ ಬಸ್ಸಿನ ಖರ್ಚು, ಜೊತೆಗೆ ಬರುವವರ ಖರ್ಚು, ಇಬ್ಬರ ಒಂದು ದಿನದ ಕೂಲಿ. ಮೂರನೆಯ ಭೇಟಿಗೋ ನಾಲ್ಕನೆಯದಕ್ಕೋ ಅವಳು ಬರದೆ ನಿಂತುಬಿಡುವುದು ಅಲ್ಲಿಯೇ.

ಆದುದರಿಂದ ಟ್ರಸ್ಟುಗಳ ಮುಂದೆ ನನ್ನ ವಿನಂತಿ ಇಷ್ಟು. ನಿಮ್ಮ ಊರಿನ ಆಸ್ಪತ್ರೆಯ ವೈದ್ಯರೊಡನೆ ಮಾತನಾಡಿ, ಅವಳಿ ಗರ್ಭಿಣಿಯರ ಮರುಭೇಟಿಯ ಪ್ರಯಾಣ ಮತ್ತು ಪರೀಕ್ಷೆಯ ವೆಚ್ಚಕ್ಕೆಂದು ಒಂದು ಚಿಕ್ಕ ನಿಧಿಯನ್ನು ಮೀಸಲಿಡಿ. ಜಾತಿ ಮತಗಳನ್ನು ಕೇಳದೆ ಅದನ್ನು ಕೊಡಿ. ವರ್ಷಕ್ಕೆ ಎಷ್ಟು ತಾಯಂದಿರು ಕೊನೆಯವರೆಗೆ ಬಂದರೆಂಬುದನ್ನು ಅಢಾವೆ ಪತ್ರಿಕೆಯ ಜೊತೆಗೆ ಸಭೆಯ ಮುಂದಿಡಿ. ಕುಟುಂಬಗಳಲ್ಲಿ ವಿನಂತಿ, ಮೂರು ತಿಂಗಳು ತುಂಬುವ ಹೊತ್ತಿಗೆ ಮೊದಲ ಸ್ಕ್ಯಾನಿಂಗ್ ಆಗಲಿ. ಅವಳಿಯೆಂದು ತಿಳಿದರೆ ಮಾಸು ಒಂದೋ ಎರಡೋ ಎಂದು ಕೇಳಿ ಬರೆಸಿಕೊಳ್ಳಿ. ಹೆಣ್ಣೋ ಗಂಡೋ ಎಂದು ಕೇಳಬೇಡಿ. ಹೇಳುತ್ತೇವೆನ್ನುವವರ ಬಳಿಗೆ ಮತ್ತೆ ಹೋಗಬೇಡಿ.

ನಮ್ಮ ಸೊಸೆಗೆ 34ನೆಯ ವಾರದಲ್ಲಿ ಹೆರಿಗೆಯಾಯಿತು. ಒಂದು ಕೂಸು 2100 ಗ್ರಾಂ, ಇನ್ನೊಂದು 1600 ಗ್ರಾಂ. ಚಿಕ್ಕದು ಹದಿನೇಳು ದಿನ ನಿಗಾ ಘಟಕದಲ್ಲಿದ್ದು ಮನೆಗೆ ಬಂತು. ತೊಂಬತ್ತು ದಾಟಿದ ನನ್ನ ಸೋದರತ್ತೆಯವರನ್ನು ನಾಮಕರಣಕ್ಕೆ ಕರೆತಂದಿದ್ದೆವು. ಅವರು ದೊಡ್ಡ ಕೂಸನ್ನು ಒಮ್ಮೆ ನೋಡಿ, ಚಿಕ್ಕದನ್ನು ಮಡಿಲಲ್ಲಿ ಇರಿಸಿಕೊಂಡು ಬಹಳ ಹೊತ್ತು ಕುಳಿತಿದ್ದರು.